ಗಡಿ ದಾಟುವ ಸೆಟ್ಟು, ಊರಲ್ಲೇ ಉಳಿಯುವ ಪ್ರೇಕ್ಷಕ

2022ರ ಫೆಬ್ರುವರಿ 24ರ ಸಂಜೆ ಮಾಸ್ಕೊದ ಬೊಲ್ಶೊಯ್ ರಂಗಮಂದಿರದಲ್ಲಿ ವಾಗ್ನರ್‌ನ ‘ಲೋಹೆನ್‌ಗ್ರಿನ್’ ಒಪೆರಾದ ಹೊಸ ಪ್ರಯೋಗ ತೆರೆ ಕಂಡಿತು. ಅಂದು ಬೆಳಗಿನ ಜಾವವಷ್ಟೇ ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತ್ತು. ಪ್ರಯೋಗದ ನಿರ್ದೇಶಕ ಕೆನಡಾದ ಫ್ರಾಂಸ್ವಾ ಜಿರಾರ್. ಬಂಡವಾಳ ಹಾಕಿದ್ದು ಎರಡು ಮನೆಗಳು: ಒಂದು ಬೊಲ್ಶೊಯ್, ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಅಂದರೆ ಮೆಟ್. ಮಾಸ್ಕೊದ ಪ್ರದರ್ಶನ ಮುಗಿದ ಮೇಲೆ ಸೆಟ್ಟು, ವೇಷಭೂಷಣವೆಲ್ಲ ಹಡಗು ಹತ್ತಿ ನ್ಯೂಯಾರ್ಕಿಗೆ ಬರಬೇಕೆಂಬುದು ಒಪ್ಪಂದ.

ಮೂರು ದಿನ ಕಳೆಯುವಷ್ಟರಲ್ಲಿ ಮೆಟ್‌ನ ಮುಖ್ಯಸ್ಥ ಪೀಟರ್ ಗೆಲ್ಬ್, ಪುಟಿನ್ ಬೆಂಬಲಿಗರ ಜತೆಗಾಗಲಿ ಪುಟಿನ್ ಬೆಂಬಲವಿರುವ ಸಂಸ್ಥೆಗಳ ಜತೆಗಾಗಲಿ ಇನ್ನು ವ್ಯವಹಾರವಿಲ್ಲ ಎಂದು ಸಾರಿದರು. ಸೆಟ್ಟು ಮಾಸ್ಕೊದಲ್ಲೇ ಉಳಿಯಿತು. ಅರ್ಧ ಖರ್ಚು ಉಳಿಸಲೆಂದು ಮಾಡಿಕೊಂಡ ಏರ್ಪಾಟಿನಲ್ಲಿ ಮೆಟ್ ಅದೇ ನಾಟಕದ ಸೆಟ್ಟನ್ನೂ ಉಡುಪನ್ನೂ ಮತ್ತೊಮ್ಮೆ ಮೊದಲಿನಿಂದ ಕಟ್ಟಿಸಬೇಕಾಯಿತು. 2023ರ ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ ತೆರೆ ಎದ್ದಾಗ ಜಿರಾರ್ ಅವರ ಕಲ್ಪನೆ ಅದೇ ಇತ್ತು. ಮರ, ಬಟ್ಟೆ, ಲೋಹ ಮಾತ್ರ ಬೇರೆ. ಮುಂದಿನ ತಿಂಗಳು 18ರಂದು ಅದು ನೇರಪ್ರಸಾರದಲ್ಲಿ ಹತ್ತಾರು ದೇಶಗಳ ಸಿನಿಮಾ ಮಂದಿರಗಳಿಗೂ ಹೋಯಿತು. ಚಿತ್ರಕ್ಕೆ ಸಿಕ್ಕ ರಹದಾರಿ ಮರಮುಟ್ಟಿಗೆ ಸಿಕ್ಕಿರಲಿಲ್ಲ.

ದೊಡ್ಡ ರಂಗಮಂದಿರಗಳು ದೇಶದ ಗಡಿ ಮೀರಿ ಕೈಜೋಡಿಸುವುದು ಈಗ ಹೊಸ ಸಂಗತಿಯಲ್ಲ. ಯುರೋಪಿನ ಯಾವುದೇ ಒಪೆರಾ ಮನೆಯ ವಾರ್ಷಿಕ ಪಟ್ಟಿ ತೆಗೆದರೂ ನಾಟಕದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇನ್ನೆರಡು ಮೂರು ಊರುಗಳ ಹೆಸರು ಇರುತ್ತದೆ. ಆ ಸಣ್ಣಕ್ಷರದ ಹಿಂದೆ ಕಲಾಪ್ರೇಮ ಎಷ್ಟಿದೆಯೋ ಲೆಕ್ಕಾಚಾರವೂ ಅಷ್ಟೇ ಇದೆ. ಸಹ ನಿರ್ಮಾಣ ಎಂದಾಗ ಸಾಮಾನ್ಯವಾಗಿ ಹಂಚಿಕೆಯಾಗುವುದು ಸೆಟ್ಟು, ಉಡುಪು, ಪರಿಕರ, ವಿನ್ಯಾಸಕಾರರ ಸಂಭಾವನೆ. ಗಾಯಕರು, ವಾದ್ಯವೃಂದ, ಮೇಳ, ರಂಗದ ಕೆಲಸಗಾರರು, ಇವರ ಸಂಬಳ ಆಯಾ ಮನೆಯದೇ. ಒಪೆರಾ ಮನೆಯೊಂದರ ಖರ್ಚಿನ ಸಿಂಹಪಾಲು ಸಂಬಳಕ್ಕೇ ಹೋಗುವುದರಿಂದ ಹಂಚಿಕೆಯಿಂದ ಉಳಿಯುವುದು ಹೊರಗಿನವರು ಊಹಿಸುವಷ್ಟು ದೊಡ್ಡ ಮೊತ್ತವಲ್ಲ. ಆದರೂ ಒಂದು ಹೊಸ ಪ್ರಯೋಗ ಬೇಕೇ, ಹಳೆಯದನ್ನೇ ಧೂಳು ಕೊಡವಿ ಇಳಿಸಬೇಕೇ ಎಂಬ ಪ್ರಶ್ನೆ ಬಂದಾಗ ಆ ಉಳಿತಾಯವೇ ತೀರ್ಮಾನ ಹೇಳುತ್ತದೆ.

ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮೊದಲ ಜಗಳ ಅಳತೆಯದು. ಪಾಲುದಾರರಲ್ಲಿ ಯಾರ ರಂಗ ಚಿಕ್ಕದೋ ಅವರ ಅಳತೆಯೇ ಎಲ್ಲರಿಗೂ ಕಾನೂನು. ಒಬ್ಬರ ರಂಗ ಸಮತಟ್ಟು, ಇನ್ನೊಬ್ಬರದು ಪ್ರೇಕ್ಷಕರ ಕಡೆಗೆ ಇಳಿಜಾರು. ಒಬ್ಬರಲ್ಲಿ ಮೇಲಿನಿಂದ ಪರದೆ ಇಳಿಸಲು ಎತ್ತರದ ಗೋಪುರ ಉಂಟು, ಇನ್ನೊಬ್ಬರಲ್ಲಿ ಅದರ ಅರ್ಧ. ಯುರೋಪಿನಲ್ಲಿ ವಿದ್ಯುತ್ತು 230 ವೋಲ್ಟು, ಅಮೆರಿಕದಲ್ಲಿ 120. ಬಟ್ಟೆಗೆ ಬೆಂಕಿ ಹತ್ತಬಾರದೆಂಬ ನಿಯಮ ಎಲ್ಲ ಕಡೆ ಇದ್ದರೂ ಅದನ್ನು ಪರೀಕ್ಷಿಸುವ ಕ್ರಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯ ಮನೆಗಳಲ್ಲಿ ಸೆಟ್ಟು ಕಟ್ಟುವುದಕ್ಕೆ ತಿಂಗಳುಗಟ್ಟಲೆ ಮುಂಚೆ ‘ಬಾವ್‌ಪ್ರೋಬೆ’ ಎಂಬ ಒಂದು ದಿನ ಇರುತ್ತದೆ. ಮರದ ಪಟ್ಟಿ, ಹಳೆಯ ಪರದೆ, ಉಗ್ರಾಣದಲ್ಲಿ ಬಿದ್ದ ಮೆಟ್ಟಿಲುಗಳನ್ನೇ ಜೋಡಿಸಿ ರಂಗದ ಮೇಲೆ ಸುಳ್ಳು ಸೆಟ್ಟೊಂದನ್ನು ನಿಲ್ಲಿಸುತ್ತಾರೆ. ನಿರ್ದೇಶಕ, ವಿನ್ಯಾಸಕಾರ, ಬಡಗಿಗಳ ಮುಖ್ಯಸ್ಥ, ಬೆಳಕಿನವರು ಸಭಾಂಗಣದ ಮೂಲೆ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಬಾಲ್ಕನಿಯ ಕೊನೆಯ ಸಾಲಿಗೆ ನಾಯಕಿಯ ತಲೆ ಕಾಣುತ್ತದೋ ಇಲ್ಲವೋ ಎಂಬುದು ಅಂದೇ ಇತ್ಯರ್ಥವಾಗುತ್ತದೆ. ಸಹ ನಿರ್ಮಾಣವಾದರೆ ಪಾಲುದಾರ ಮನೆಯ ತಂತ್ರಜ್ಞರೂ ಅಲ್ಲಿರುತ್ತಾರೆ, ಅಳತೆಪಟ್ಟಿ ಕೈಯಲ್ಲಿ ಹಿಡಿದುಕೊಂಡೇ.

ಸೆಟ್ಟು ಸಮುದ್ರ ದಾಟಬೇಕಾದರೆ ಕಂಟೇನರಿನ ಅಳತೆಗೂ ತಗ್ಗಬೇಕು. 40 ಅಡಿಯ ಕಂಟೇನರಿನ ಒಳಗಿನ ಉದ್ದ ಸುಮಾರು 12 ಮೀಟರ್, ಅಗಲ ಎರಡೂ ಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು. ಅರಮನೆಯ ಗೋಡೆಯೇ ಆಗಲಿ, ಜಪಾನಿನ ಬೆಟ್ಟವೇ ಆಗಲಿ, ಆ ಅಗಲದ ತುಂಡುಗಳಾಗಿ ಬಿಚ್ಚಿಕೊಳ್ಳಬೇಕು.

ಇದಕ್ಕಿಂತ ಕಠಿಣವಾದದ್ದು ದಿನಚರಿಯ ವ್ಯತ್ಯಾಸ. ಜರ್ಮನಿ, ಆಸ್ಟ್ರಿಯಾಗಳ ಅನೇಕ ಮನೆಗಳಲ್ಲಿ ಇಂದು ಮೊಜಾರ್ಟ್, ನಾಳೆ ಪುಚಿನಿ, ನಾಡಿದ್ದು ಬ್ಯಾಲೆ. ಹಿಂದಿನ ರಾತ್ರಿಯ ಸೆಟ್ಟು ಬಿಚ್ಚಿ ಬೆಳಿಗ್ಗೆ ಬೇರೊಂದರ ತಾಲೀಮು ನಡೆಸಿ ಸಂಜೆಗೆ ಮೂರನೆಯದನ್ನು ನಿಲ್ಲಿಸುವ ಅಭ್ಯಾಸ ಅವರದು. ಆಮ್‌ಸ್ಟರ್‌ಡಾಮ್, ಬ್ರಸೆಲ್ಸ್‌ನಂಥ ಮನೆಗಳಲ್ಲಿ ಒಂದೇ ಪ್ರಯೋಗ ವಾರಗಟ್ಟಲೆ ರಂಗದ ಮೇಲೆ ನಿಂತಿರುತ್ತದೆ. ಎರಡು ದಿನ ಹಿಡಿದು ಕಟ್ಟುವ ಸೆಟ್ಟು ಬ್ರಸೆಲ್ಸ್‌ಗೆ ಸರಿ. ವಿಯೆನ್ನಾದ ರಂಗಕರ್ಮಿಗೆ ಅದು ತಲೆನೋವು. ಕರ್ನಾಟಕದ ಕಂಪನಿ ನಾಟಕದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕ್ಯಾಂಪು ಬದಲಾದಾಗಲೆಲ್ಲ ಅರಮನೆ, ಕಾಡು, ಬೀದಿಯ ಪರದೆಗಳನ್ನು ಸುತ್ತಿ ಲಾರಿಗೆ ಏರಿಸಿದವರು ಅವರು.

ಕೈಜೋಡಿಸಿದ್ದು ಸಾರ್ಥಕವಾಯಿತು ಎನ್ನಿಸುವ ಉದಾಹರಣೆಗಳಲ್ಲಿ ‘ಮದಾಮ ಬಟರ್‌ಫ್ಲೈ’ಗೆ ಮೊದಲ ಸಾಲಿನಲ್ಲೇ ಜಾಗ. ‘ದಿ ಇಂಗ್ಲಿಷ್ ಪೇಷಂಟ್’ ಸಿನಿಮಾದ ನಿರ್ದೇಶಕ ಆಂಟನಿ ಮಿಂಗೆಲ್ಲಾ ಒಪೆರಾಕ್ಕೆ ಕೈಹಾಕಿದ್ದು ಇದೊಂದಕ್ಕೇ. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾ, ನ್ಯೂಯಾರ್ಕಿನ ಮೆಟ್, ಲಿಥುವೇನಿಯಾದ ರಾಷ್ಟ್ರೀಯ ಒಪೆರಾ, ಈ ಮೂರರ ಕೂಡುನಿರ್ಮಾಣ. 2005ರ ನವೆಂಬರಿನಲ್ಲಿ ಲಂಡನ್, ಮರುವರ್ಷದ ಆರಂಭದಲ್ಲಿ ವಿಲ್ನಿಯಸ್, 2006ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕ್. ಬಟರ್‌ಫ್ಲೈಳ ಪುಟ್ಟ ಮಗನ ಪಾತ್ರಕ್ಕೆ ಮಿಂಗೆಲ್ಲಾ ಮಗುವನ್ನು ತರಲಿಲ್ಲ, ಬೊಂಬೆಯನ್ನು ತಂದರು. ಜಪಾನಿನ ಬುನ್ರಾಕು ಪದ್ಧತಿಯಂತೆ ಕರಿಬಟ್ಟೆ ತೊಟ್ಟ ಮೂವರು ಆಟಗಾರರು ಆ ಬೊಂಬೆಯನ್ನು ಆಡಿಸುತ್ತಾರೆ. ಬೊಂಬೆ ತಾಯಿಯತ್ತ ಕತ್ತು ಹೊರಳಿಸಿದರೆ ಸಾಕು, ಆಡಿಸುವವರು ಕಣ್ಣಿಂದ ಮಾಯವಾಗುತ್ತಾರೆ. ಬೊಂಬೆಗೆ ವೀಸಾ ಬೇಡ, ಶಾಲೆಯ ರಜೆ ಬೇಡ, ವಯಸ್ಸೂ ಆಗುವುದಿಲ್ಲ. ಸಂಚಾರಿ ಪ್ರಯೋಗಕ್ಕೆ ಇದಕ್ಕಿಂತ ಜಾಣ ಉಪಾಯ ಇರಲಾರದು. ಮಿಂಗೆಲ್ಲಾ 2008ರಲ್ಲಿ ತೀರಿಕೊಂಡರು. ಪ್ರಯೋಗ ಮಾತ್ರ ಆಮೇಲೂ ವರ್ಷಗಟ್ಟಲೆ ಮರಳಿ ಮರಳಿ ರಂಗಕ್ಕೆ ಬರುತ್ತಲೇ ಇತ್ತು.

ಸೆಟ್ಟು ಒಂದೇ ಆದರೂ ಲಂಡನ್ನಿನವರು ಕೇಳಿದ್ದು ಇಂಗ್ಲಿಷಿನಲ್ಲಿ, ನ್ಯೂಯಾರ್ಕಿನವರು ಇಟಾಲಿಯನ್ನಿನಲ್ಲಿ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಡಬೇಕೆಂಬುದು ಇಂಗ್ಲಿಷ್ ನ್ಯಾಷನಲ್ ಒಪೆರಾದ ನೇಮ. ಆ ನೇಮಕ್ಕೆ ಅವರೇ ಬಿಟ್ಟುಕೊಟ್ಟ ವಿನಾಯಿತಿ ಕನ್ನಡ ಓದುಗರಿಗೆ ಸ್ವಾರಸ್ಯವೆನಿಸೀತು. ಅದು ಫಿಲಿಪ್ ಗ್ಲಾಸ್ ರಚಿಸಿದ ‘ಸತ್ಯಾಗ್ರಹ’, ಗಾಂಧೀಜಿಯ ದಕ್ಷಿಣ ಆಫ್ರಿಕಾದ ದಿನಗಳನ್ನು ಕುರಿತ ಒಪೆರಾ. ಅದರ ಸಾಹಿತ್ಯವೆಲ್ಲ ಸಂಸ್ಕೃತ, ಎಲ್ಲವೂ ಭಗವದ್ಗೀತೆಯಿಂದ ಆಯ್ದದ್ದು. 1980ರಲ್ಲಿ ರೋಟರ್‌ಡಾಮ್ ನಗರದ ಕೋರಿಕೆಯ ಮೇರೆಗೆ ಹುಟ್ಟಿದ ಈ ಕೃತಿಯನ್ನು ಲಂಡನ್ನಿನ ಇಂಪ್ರಾಬಬಲ್ ತಂಡದ ಫೀಲಿಮ್ ಮೆಕ್‌ಡರ್ಮಟ್ ಮತ್ತು ಜೂಲಿಯನ್ ಕ್ರೌಚ್ 2007ರಲ್ಲಿ ಹೊಸದಾಗಿ ಕಟ್ಟಿದರು. ಮರುವರ್ಷ ಅದು ಮೆಟ್‌ಗೆ ಹೋಯಿತು. ಗಾಂಧೀಜಿಯ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ನೆನಪಿಗೆ ವೃತ್ತಪತ್ರಿಕೆಯ ಕಾಗದದಿಂದ ಆಳೆತ್ತರ ಮೀರಿದ ಬೊಂಬೆಗಳನ್ನು ಮಾಡಿದರು, ಹಿನ್ನೆಲೆಗೆ ತಗಡಿನ ಗೋಡೆ ನಿಲ್ಲಿಸಿದರು. ಸಾಲುಸಾಲು ಅನುವಾದ ತೋರಿಸುವ ಪಟ್ಟಿಯನ್ನು ಕೈಬಿಟ್ಟು, ಬೇಕಾದ ಕೆಲವೇ ಮಾತುಗಳನ್ನು ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸಿದರು. ಎರಡೂ ಊರಿನ ಮೇಳದವರು ಶ್ಲೋಕ ಉರು ಹೊಡೆದರು. 2011ರಲ್ಲಿ ಇದರ ನೇರಪ್ರಸಾರವೂ ಆಯಿತು.

ಮಾಮೂಲು ಮರುಪ್ರಯೋಗಕ್ಕೆ ಪಾಲುದಾರರು ಸಿಗುವುದು ಸುಲಭ. ಹೊಸ ಕೃತಿ ಬರೆಸುವಾಗ ಕೈಜೋಡಿಸುವುದರಲ್ಲೇ ನಿಜವಾದ ಎದೆಗಾರಿಕೆ. ಫಿನ್ಲೆಂಡಿನ ಸಂಗೀತ ಸಂಯೋಜಕಿ ಕಾಯಾ ಸಾರಿಆಹೊ ಅವರ ಕೊನೆಯ ಒಪೆರಾ ‘ಇನ್ನೊಸೆನ್ಸ್’ ಅಂಥದ್ದು. ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಉತ್ಸವ, ಹೆಲ್ಸಿಂಕಿ, ಲಂಡನ್, ಆಮ್‌ಸ್ಟರ್‌ಡಾಮ್, ಸ್ಯಾನ್ ಫ್ರಾನ್ಸಿಸ್ಕೊ, ಹೀಗೆ ಐದು ಕಡೆಯವರು ಸೇರಿ ಬರೆಸಿದ್ದು. ಕಥೆ ಫಿನ್ಲೆಂಡಿನ ಕಾದಂಬರಿಗಾರ್ತಿ ಸೋಫಿ ಒಕ್ಸಾನೆನ್ ಅವರದು. ಹೆಲ್ಸಿಂಕಿಯಲ್ಲಿ ಒಂದು ಮದುವೆಯೂಟ ನಡೆದಿದೆ. ಬಡಿಸಲು ಬಂದ ಹೆಂಗಸಿಗೆ ವರನ ಮನೆಯವರು ಯಾರೆಂದು ಗೊತ್ತಾಗುತ್ತದೆ: ಹತ್ತು ವರ್ಷದ ಹಿಂದೆ ಶಾಲೆಯಲ್ಲಿ ಗುಂಡು ಹಾರಿಸಿ ಅವಳ ಮಗಳನ್ನು ಕೊಂದ ಹುಡುಗ ಈ ವರನ ಸಹೋದರ. ಅದೊಂದು ಅಂತಾರಾಷ್ಟ್ರೀಯ ಶಾಲೆ. ಆದ್ದರಿಂದ ರಂಗದ ಮೇಲೆ ಕೇಳುವುದು ಒಂಬತ್ತು ಭಾಷೆ. ಸೈಮನ್ ಸ್ಟೋನ್ ನಿರ್ದೇಶನಕ್ಕೆ ಕ್ಲೋಯಿ ಲ್ಯಾಮ್‌ಫರ್ಡ್ ರೂಪಿಸಿದ ಎರಡಂತಸ್ತಿನ ಮನೆ ಇಡೀ ಪ್ರಯೋಗದುದ್ದಕ್ಕೂ ನಿಧಾನವಾಗಿ ತಿರುಗುತ್ತದೆ. ಒಂದು ಸುತ್ತಿಗೆ ಅದು ಮದುವೆಯ ಹೋಟೆಲು, ಇನ್ನೊಂದು ಸುತ್ತು ಬರುವಷ್ಟರಲ್ಲಿ ಕುರ್ಚಿ ಮೇಜು ಬದಲಾಗಿ ಶಾಲೆಯ ತರಗತಿ. ಬೆನ್ನು ತಿರುಗಿದ ಕೋಣೆಗಳಲ್ಲಿ ಕೆಲಸಗಾರರು ಸದ್ದಿಲ್ಲದೆ ಸಾಮಾನು ಬದಲಿಸುತ್ತಿರುತ್ತಾರೆ. 2020ಕ್ಕೆ ಆಗಬೇಕಿದ್ದದ್ದು ಕೋವಿಡ್‌ನಿಂದ ಮುಂದಕ್ಕೆ ಹೋಗಿ 2021ರ ಜುಲೈಯಲ್ಲಿ ಎಕ್ಸ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. 2023ರ ಏಪ್ರಿಲಿನಲ್ಲಿ ಲಂಡನ್ನಿಗೆ ಬಂತು. ಆ ಜೂನಿನಲ್ಲಿ ಸಾರಿಆಹೊ ತೀರಿಕೊಂಡರು. ಯಾವ ಒಂದು ಮನೆಯೂ ತಾನೊಂದೇ ಇಂಥ ಕೃತಿಯ ಹೊರೆ ಹೊರಲು ಮುಂದಾಗುತ್ತಿತ್ತೆಂದು ನಂಬುವುದು ಕಷ್ಟ. ಹೊಸ ಒಪೆರಾಗಳಲ್ಲಿ ಹೆಚ್ಚಿನವು ಹುಟ್ಟಿದ ಊರಲ್ಲೇ ಐದಾರು ಪ್ರದರ್ಶನ ಕಂಡು ಕಣ್ಮುಚ್ಚುತ್ತವೆ. ಐದು ಊರಿನ ಮುಂಗಡ ಇದ್ದದ್ದರಿಂದ ಇದು ಬದುಕಿತು.

ಇನ್ನು ತೆರೆಯ ಮೇಲಿನ ಮಾತು. ಮೆಟ್ ತನ್ನ ನೇರಪ್ರಸಾರವನ್ನು ಸಿನಿಮಾ ಮಂದಿರಗಳಿಗೆ ಕಳಿಸತೊಡಗಿದ್ದು 2006ರ ಡಿಸೆಂಬರ್ 30ರಂದು, ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದಿಂದ. ಪ್ರಸಾರಕ್ಕೆ ಶನಿವಾರದ ಮಧ್ಯಾಹ್ನದ ಆಟವನ್ನೇ ಆರಿಸಿದ್ದರಲ್ಲಿ ಜಾಣತನವಿತ್ತು. 1931ರಿಂದಲೂ ಅವರ ರೇಡಿಯೊ ಪ್ರಸಾರ ನಡೆದುಬಂದದ್ದು ಶನಿವಾರ ಮಧ್ಯಾಹ್ನವೇ. ಜತೆಗೆ ನ್ಯೂಯಾರ್ಕಿನ ಮಧ್ಯಾಹ್ನವೆಂದರೆ ಯುರೋಪಿಗೆ ಸಂಜೆ. ಭಾರತದವರ ಪಾಲಿಗೆ ಮಾತ್ರ ಅದು ನಡುರಾತ್ರಿಯ ಹೊತ್ತು. ಹಾಗಾಗಿ ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ ತೋರಿಸಿದ್ದು ದಾಖಲಿಸಿಟ್ಟ ಪ್ರದರ್ಶನಗಳನ್ನು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರ ಜೂನ್ 25ರಂದು ಹೆಲೆನ್ ಮಿರನ್ ಅಭಿನಯದ ‘ಫೆದ್ರ್’ ನಾಟಕದಿಂದ ಇದೇ ದಾರಿ ಹಿಡಿಯಿತು.

ಇವೆರಡೂ ಒಂಟಿ ದೈತ್ಯರ ಕೆಲಸ. ಚಿಕ್ಕ, ಮಧ್ಯಮ ಮನೆಗಳು ಒಟ್ಟಾಗಿ ಪ್ರಸಾರ ಮಾಡಿದ ಕಥೆ ಬೇರೆ. ಬ್ರಸೆಲ್ಸ್‌ನಲ್ಲಿ ಕಚೇರಿ ಇರುವ ‘ಒಪೆರಾ ಯುರೋಪ’ ಎಂಬ ಒಕ್ಕೂಟ, ಫ್ರೆಂಚ್-ಜರ್ಮನ್ ವಾಹಿನಿ ‘ಆರ್ಟೆ’ಯ ಜತೆ ಸೇರಿ 2015ರ ಮೇ ತಿಂಗಳಲ್ಲಿ ‘ದಿ ಒಪೆರಾ ಪ್ಲಾಟ್‌ಫಾರ್ಮ್’ ಶುರು ಮಾಡಿತು. ಮೊದಲ ಪ್ರಸಾರ ಮ್ಯಾಡ್ರಿಡ್‌ನ ತಿಯಾತ್ರೊ ರಿಯಾಲ್‌ನಿಂದ ‘ಲಾ ತ್ರಾವಿಯಾತ’. ಎರಡು ವರ್ಷದ ಮೇಲೆ, 2017ರಲ್ಲಿ, ಅದೇ ಮರುಹುಟ್ಟು ಪಡೆದು ‘ಒಪೆರಾವಿಷನ್’ ಆಯಿತು. ಸುಮಾರು 30 ರಂಗಮಂದಿರಗಳು, ಯುರೋಪಿಯನ್ ಒಕ್ಕೂಟದ ‘ಕ್ರಿಯೇಟಿವ್ ಯುರೋಪ್’ ಅನುದಾನ, ನೋಡುವವರಿಗೆ ಪುಕ್ಕಟೆ, ಕೆಳಗೆ ಅನುವಾದದ ಸಾಲು. ಹೆಸರು ಕೇಳಿರದ ಊರುಗಳ ಪ್ರಯೋಗಗಳು ಕಣ್ಣಿಗೆ ಬೀಳುವುದು ಇಲ್ಲಿಯ ದೊಡ್ಡ ಲಾಭ. ಆದರೆ ಒಂದೊಂದು ಪ್ರಯೋಗವೂ ಕೆಲವು ತಿಂಗಳಿದ್ದು ಮರೆಯಾಗುತ್ತದೆ. ಕಾರಣ ತಂತ್ರಜ್ಞಾನವಲ್ಲ, ಹಕ್ಕುಗಳು. ವಾದ್ಯವೃಂದದ ಸಂಘ, ಮೇಳದ ಸಂಘ, ಏಕವ್ಯಕ್ತಿ ಗಾಯಕರು, ನಿರ್ದೇಶಕ, ವಿನ್ಯಾಸಕಾರ, ಸಂಗೀತ ಪ್ರಕಾಶಕ, ಎಲ್ಲರೂ ಇಂತಿಷ್ಟು ದಿನಕ್ಕೆ ಎಂದು ಒಪ್ಪಿಗೆ ಕೊಟ್ಟಿರುತ್ತಾರೆ. ಒಂದೊಂದು ದೇಶದ ಕಾರ್ಮಿಕ ಕರಾರು ಒಂದೊಂದು ಬಗೆ. ಮೂರು ಮನೆಯ ಕೂಡುನಿರ್ಮಾಣವಾದರೆ ಪ್ರಸಾರದ ಹಕ್ಕು ಮೊದಲು ಯಾರಿಗೆ ಎಂಬ ಚೌಕಾಸಿ ಬೇರೆ.

2020ರ ಲಾಕ್‌ಡೌನಿನಲ್ಲಿ ಈ ಗೋಜಲನ್ನೆಲ್ಲ ಎಲ್ಲರೂ ಕೆಲಕಾಲ ಬದಿಗಿಟ್ಟರು. ಮೆಟ್ ಮಾರ್ಚ್ 16ರಿಂದ ಪ್ರತಿರಾತ್ರಿ ಒಂದೊಂದು ಒಪೆರಾ ಬಿಟ್ಟಿತು. ನ್ಯಾಷನಲ್ ಥಿಯೇಟರ್ ವಾರಕ್ಕೊಂದು ನಾಟಕವನ್ನು ಯೂಟ್ಯೂಬಿಗೆ ಏರಿಸಿ ನಾಲ್ಕು ತಿಂಗಳೊಳಗೆ 170ಕ್ಕೂ ಹೆಚ್ಚು ದೇಶಗಳಿಂದ ಸುಮಾರು 1.5 ಕೋಟಿ ವೀಕ್ಷಣೆ ಕಂಡಿತು. ಡಿಸೆಂಬರಿನಲ್ಲಿ ಅದೇ ಸಂಸ್ಥೆ ಚಂದಾ ಕಟ್ಟಿ ನೋಡುವ ಪ್ರತ್ಯೇಕ ತಾಣ ತೆರೆಯಿತು. ಪುಕ್ಕಟೆ ಊಟದ ಪಂಕ್ತಿ ಎದ್ದಿತು ಎಂದು ಕೆಲವರು ಗೊಣಗಿದರು. ಗೊಣಗಾಟದಲ್ಲಿ ಹುರುಳಿಲ್ಲ, ಕಲಾವಿದರಿಗೆ ಸಂಭಾವನೆ ಸಲ್ಲುವ ದಾರಿ ಅದೇ ತಾನೇ?

ತೆರೆಯ ಮೇಲೆ ತೋರಿಸಿದರೆ ಜನ ರಂಗಮಂದಿರಕ್ಕೆ ಬರುವುದನ್ನೇ ಬಿಟ್ಟಾರೆಂಬ ಭಯ ಮೊದಲ ದಿನದಿಂದ ಇತ್ತು. ಬ್ರಿಟನ್ನಿನ ನೆಸ್ಟಾ ಸಂಸ್ಥೆ ‘ಫೆದ್ರ್’ ಪ್ರಸಾರದ ಬೆನ್ನಿಗೇ ಪ್ರೇಕ್ಷಕರನ್ನು ವಿಚಾರಿಸಿ 2010ರಲ್ಲಿ ವರದಿ ಕೊಟ್ಟಿತು. ಸಿನಿಮಾ ಮಂದಿರದಲ್ಲಿ ನೋಡಿದವರು, ಎದುರು ಕೂತು ನೋಡಿದವರಿಗಿಂತ ಹೆಚ್ಚು ಭಾವುಕವಾಗಿ ತೊಡಗಿಕೊಂಡೆವೆಂದು ಹೇಳಿದ್ದು ರಂಗಭೂಮಿಯವರನ್ನು ಕಕ್ಕಾಬಿಕ್ಕಿ ಮಾಡಿತು. ಹತ್ತಿರದಿಂದ ತೋರಿಸುವ ಕ್ಯಾಮೆರಾದ ಮಹಿಮೆ ಇರಬೇಕು. ನಾಲ್ಕು ವರ್ಷದ ಮೇಲಿನ ಇನ್ನೊಂದು ಅಧ್ಯಯನದಲ್ಲೂ ಪ್ರಸಾರದಿಂದ ರಂಗಮಂದಿರದ ಹಾಜರಿ ಕುಸಿದದ್ದು ಕಾಣಲಿಲ್ಲ. ಆದರೆ ಈ ಸಮಾಧಾನ ಲಂಡನ್ನಿನ ಹೆಸರಾಂತ ಮನೆಗೆ ಸಲ್ಲುವಂಥದ್ದು. ದೂರದ ಪಟ್ಟಣವೊಂದರ ಸಿನಿಮಾ ಮಂದಿರ ಶನಿವಾರ ಮೆಟ್ ತೋರಿಸಿದರೆ ಅದೇ ಪಟ್ಟಣದ ಸಣ್ಣ ತಂಡದ ಗತಿಯೇನು ಎಂಬ ಪ್ರಶ್ನೆಗೆ ಲಂಡನ್ನಿನಲ್ಲಿ ಉತ್ತರ ಹುಡುಕಲಾಗದು. ಸೆಟ್ಟಿನ ವೆಚ್ಚವನ್ನು ಐದು ಪಾಲು ಮಾಡಬಹುದು, ಪ್ರಸಾರವನ್ನು ಮೂವತ್ತು ಮನೆ ಹಂಚಿಕೊಳ್ಳಬಹುದು. ಎಂಟೂವರೆಯ ಆಟಕ್ಕೆ ಬಂದು ಕುರ್ಚಿ ತುಂಬುವವನನ್ನು ಆಯಾ ಊರಿನವರೇ ಒಬ್ಬೊಬ್ಬರಾಗಿ ಸಂಪಾದಿಸಬೇಕು. ಯುರೋಪಿನ ಒಪ್ಪಂದಗಳಲ್ಲಿ ಈ ಬಾಬತ್ತಿಗೆ ಸಿಗುವ ಗಮನ ತೀರಾ ಕಡಿಮೆ.

ಇತ್ತ ಗಡಿ ದಾಟುವುದೂ ಮೊದಲಿನಷ್ಟು ಸಲೀಸಾಗಿ ಉಳಿಯಲಿಲ್ಲ. ಬ್ರೆಕ್ಸಿಟ್ ಆದಮೇಲೆ ಬ್ರಿಟನ್ನಿನ ತಂಡಗಳಿಗೆ ಪಯಣವೇ ದುಸ್ತರವಾಯಿತು. ‘ಕ್ರಿಯೇಟಿವ್ ಯುರೋಪ್’ ಅನುದಾನ ತಪ್ಪಿತು. ವಾದ್ಯ, ಸೆಟ್ಟು, ಉಡುಪಿನ ಪ್ರತಿ ತುಣುಕಿನ ಪಟ್ಟಿ ಬರೆದು ಸುಂಕದ ಕಟ್ಟೆಯಲ್ಲಿ ತೋರಿಸಬೇಕು. 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಬ್ರಿಟನ್ನಿನ ದೊಡ್ಡ ಲಾರಿಗಳು ಯುರೋಪಿನೊಳಗೆ ಎಷ್ಟು ಕಡೆ ಸಾಮಾನು ಇಳಿಸಬಹುದೆಂಬುದಕ್ಕೂ ಮಿತಿ ಬಿತ್ತು.

ಲಾರಿಯೇ ಬೇಡ ಎಂದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವಿದಿ ರಂಗಮಂದಿರದ ಮುಂದಾಳತ್ವದಲ್ಲಿ ಬ್ರಿಟಿಷ್ ನಿರ್ದೇಶಕಿ ಕೇಟಿ ಮಿಚೆಲ್, ಫ್ರಾನ್ಸಿನ ನೃತ್ಯ ಸಂಯೋಜಕ ಜೆರೋಮ್ ಬೆಲ್ ಒಂದು ಪ್ರಯೋಗಕ್ಕೆ ಕೈಹಾಕಿದರು: ಜನ, ಸೆಟ್ಟು ಯಾವುದೂ ಊರಿಂದೂರಿಗೆ ಹೋಗುವಂತಿಲ್ಲ, ಹೋಗುವುದು ಪಠ್ಯ ಮತ್ತು ಸೂಚನೆಗಳ ಕಟ್ಟು ಮಾತ್ರ. ಮಿಚೆಲ್ ಆರಿಸಿದ್ದು ಅಮೆರಿಕದ ಮಿರಾಂಡಾ ರೋಸ್ ಹಾಲ್ ಬರೆದ, ಜೀವಸಂಕುಲಗಳ ಅಳಿವನ್ನು ಕುರಿತ ಏಕವ್ಯಕ್ತಿ ನಾಟಕ. ಆಯಾ ಊರಿನ ನಿರ್ದೇಶಕ, ಆಯಾ ಊರಿನ ನಟಿ. ದೀಪಕ್ಕೂ ಧ್ವನಿಗೂ ಬೇಕಾದ ವಿದ್ಯುತ್ತನ್ನು ರಂಗದ ಮೇಲೆ ನಿಲ್ಲಿಸಿದ ಸೈಕಲ್ಲುಗಳನ್ನು ತುಳಿಯುತ್ತ ಸ್ಥಳೀಯರೇ ಉತ್ಪಾದಿಸುತ್ತಾರೆ. ಕಾಲು ಸೋತರೆ ಬೆಳಕು ಮಂಕಾಗುತ್ತದೆ. ತುಳಿಯುವವರ ಮನೆಯವರು, ಗೆಳೆಯರು ನೋಡಲು ಬಂದೇ ಬರುತ್ತಾರಲ್ಲ! ಪರಿಸರದ ಹೆಸರಿನಲ್ಲಿ ಹುಟ್ಟಿದ ನಿಯಮ ಪ್ರೇಕ್ಷಕರ ಸಮಸ್ಯೆಗೆ ಹೀಗೆ ಅರಿವಿಲ್ಲದೆಯೇ ಒಂದು ದಾರಿ ತೋರಿಸಿತು.

ಬೆಂಗಳೂರಿಗೂ ಈ ಲೋಕದ ನಂಟಿದೆ. ಗಿರೀಶ ಕಾರ್ನಾಡರ ‘ಹಯವದನ’ವನ್ನು ವಿಜಯಾ ಮೆಹ್ತಾ ಜರ್ಮನ್ ಭಾಷೆಯಲ್ಲಿ ವೈಮಾರ್‌ನ ರಾಷ್ಟ್ರೀಯ ರಂಗಮಂದಿರಕ್ಕೆ ಮಾಡಿಸಿದ್ದರು. ‘ಅಗ್ನಿ ಮತ್ತು ಮಳೆ’ ಹುಟ್ಟಿದ್ದೇ ಅಮೆರಿಕದ ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರದ ಕೋರಿಕೆಯಿಂದ. ಆದರೆ ಎರಡು ಮನೆಗಳು ಸಮಸಮನಾಗಿ ಕೂತು ನಾಟಕ ಕಟ್ಟಿದ್ದಕ್ಕೆ ಒಳ್ಳೆಯ ಉದಾಹರಣೆ ಮಕ್ಕಳ ರಂಗಭೂಮಿಯಲ್ಲಿದೆ. ಅರುಂಧತಿ ನಾಗ್ ಅವರ ಕನಸಾಗಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರಕ್ಕೂ ಮನ್‌ಹೈಮ್ ರಾಷ್ಟ್ರೀಯ ರಂಗಮಂದಿರದ ಮಕ್ಕಳ ವಿಭಾಗ ‘ಶ್ನಾವ್ಲ್’ಗೂ ಗೆಳೆತನ ಬೆಳೆಯಿತು. ಜರ್ಮನಿಯ ನಗರ ರಂಗಮಂದಿರಗಳು ಹೊರದೇಶದವರೊಂದಿಗೆ ದುಡಿಯಲೆಂದೇ ಇದ್ದ ‘ವಾಂಡರ್‌ಲುಸ್ಟ್’ ನಿಧಿ ನೆರವಾಯಿತು. 2011ರಲ್ಲಿ ಬಂದದ್ದು ‘ಬಾಯ್ ವಿತ್ ಎ ಸೂಟ್‌ಕೇಸ್’. ಬರೆದವರು ಇಂಗ್ಲೆಂಡಿನ ಮೈಕ್ ಕೆನಿ, ನಿರ್ದೇಶಿಸಿದವರು ಆಂದ್ರಿಯಾ ಗ್ರೋನೆಮೆಯರ್. ಯುದ್ಧದಿಂದ ತಪ್ಪಿಸಿಕೊಂಡು, ಲಂಡನ್ನಿನಲ್ಲಿರುವ ಅಣ್ಣನನ್ನು ಅರಸಿ ಹೊರಡುವ ನಾಜ್ ಎಂಬ ಹುಡುಗನ ಕಥೆ. ದಾರಿಯುದ್ದಕ್ಕೂ ಅವನಿಗೆ ಸಿಂದಬಾದನ ಕಥೆಗಳೇ ಬುತ್ತಿ. ಎಂ.ಡಿ. ಪಲ್ಲವಿ ಮೊದಲಾದ ಇಲ್ಲಿಯ ನಟರು, ಮನ್‌ಹೈಮ್‌ನ ನಟರು ಒಂದೇ ತಂಡವಾಗಿ ಆಡಿದರು. ಗಿಟಾರ್ ವಾದಕ ಕೊನಾರಕ್ ರೆಡ್ಡಿ ಸಂಗೀತದ ಜೋಡಿಯಲ್ಲಿದ್ದರು. ವಲಸೆಯ ಕಥೆಯನ್ನು ಜರ್ಮನಿಯ ಮಗುವೂ ಜಯನಗರದ ಮಗುವೂ ಒಂದೇ ರೀತಿ ಕೇಳುವುದಿಲ್ಲವೆಂಬ ಎಚ್ಚರವನ್ನು ಆ ಮಿಶ್ರ ತಂಡವೇ ಹೊತ್ತು ತಿರುಗುತ್ತಿತ್ತು.

ಪಲ್ಲವಿ ಇದಾದ ಎರಡು ವರ್ಷಕ್ಕೆ ಜರ್ಮನಿಯ ಫ್ಲಿನ್ ವರ್ಕ್ಸ್ ತಂಡದ ಸೋಫಿಯಾ ಸ್ಟೆಫ್ ಜತೆ ‘ಸಿ ಶಾರ್ಪ್ ಸಿ ಬ್ಲಂಟ್’ ಮಾಡಿದರು. ಮೊಬೈಲಿನ ಆ್ಯಪ್ ಒಂದರೊಳಗೆ ಕೂತ ಗಾಯಕಿಯ ಪಾತ್ರ, ರಂಗದ ಮೇಲೆ ಒಬ್ಬರೇ. ಬಳಸುವವರ ಇಷ್ಟಕ್ಕೆ ತಕ್ಕಂತೆ ಹಾಡಬೇಕು, ನಗಬೇಕು, ಪ್ರತಿ ಅಪ್‌ಡೇಟಿಗೂ ಇನ್ನಷ್ಟು ವಿಧೇಯಳಾಗಬೇಕು. ಎರಡು ದೇಶದ ಬರಹಗಾರ್ತಿಯರು ಕೂಡಿ ಹೆಣೆದ ಈ ನಾಟಕಕ್ಕೆ ಕಂಟೇನರು ಬೇಕಾಗಲಿಲ್ಲ. ಬೆಂಗಳೂರಿನ ಸ್ಯಾಂಡ್‌ಬಾಕ್ಸ್ ಕಲೆಕ್ಟಿವ್ ಅದನ್ನು ಊರೂರಿಗೆ ಒಯ್ದಿತು, ಹೊರದೇಶದ ಉತ್ಸವಗಳಲ್ಲೂ ಆಡಿಸಿತು.